ಎಡದ ಅಂಚು

ಸ್ಟಾಕ್‌ಪೋರ್ಟಿನ ರೈಲುಸೇತುವೆಯಡಿ ಒಂದು ಕಮಾನು ನನ್ನದು.
ಮೇಲೆ ಮ್ಯಾಂಚೆಸ್ಟರಿನ ಗಾಡಿ ಹೋದಾಗಲೆಲ್ಲ
ಬಣ್ಣದ ಡಬ್ಬಿಗಳು ಹಲ್ಲು ಕಡಿಯುತ್ತವೆ.
ಫುಟ್‌ಪಾತಿನ ಕಲ್ಲು ಕಚ್ಚಿದ ಅಲಾಯ್ ಚಕ್ರಗಳು ಬರುತ್ತವೆ,
ಹಿಂದೆಯೇ ಅವುಗಳ ಒಡೆಯರು, ನೆಪ ಹೊತ್ತು:
ಹೆಂಡತಿ ಓಡಿಸುತ್ತಿದ್ದಳು. ಭಾವಮೈದ ಓಡಿಸುತ್ತಿದ್ದ.
ನಿಲ್ಲಿಸಿದ್ದೆ, ಬಂದು ನೋಡುತ್ತೇನೆ, ಹೀಗಿದೆ.

ನಾನು ಕೇಳುವುದಿಲ್ಲ. ಗೀರು ಓದುತ್ತೇನೆ.
ಒತ್ತೊತ್ತಾಗಿ ಸಣ್ಣ ಹಲ್ಲಿನದು: ಹೆದರಿದ ಕಾಲು, ಬ್ರೇಕಿನ ಮೇಲೆ.
ಅರ್ಧ ಸುತ್ತು ಸೀಳಿದ್ದು: ಫೋನು.
ಒಂದೇ ಕಡೆ ಆಳಕ್ಕೆ ಕಿತ್ತದ್ದು: ಮನೆಯಲ್ಲಿ ಜಗಳ.

ಆರ್ಮರಾಡ್ ಅವರದ್ದು ಯಾವುದೂ ಅಲ್ಲ.
ಎಪ್ಪತ್ತೊಂಬತ್ತರ ಮುದುಕ. ಟೊಪ್ಪಿ ಕಾರ್ಖಾನೆಯಲ್ಲಿ
ಒದ್ದೆ ಫೆಲ್ಟಿಗೆ ಹಬೆ ಹಿಡಿದು ಅಂಚು ಬಾಗಿಸುತ್ತಿದ್ದವರು.
ಕಾರ್ಖಾನೆ ಮುಚ್ಚಿತು, ಹೆಬ್ಬೆರಳು ಮುಚ್ಚಲಿಲ್ಲ.
ಚಕ್ರದ ಸುತ್ತ ಅದನ್ನು ಒಮ್ಮೆ ಓಡಿಸಿ
‘ಇಲ್ಲಿ ಇನ್ನೂ ಒಂದು ಕೂದಲು ಎತ್ತರ, ಲಿನೆಟ್’ ಅನ್ನುತ್ತಾರೆ.
ಪಟ್ಟಿ ಇಟ್ಟು ನೋಡಿದೆ. ಇತ್ತು.

ಜನವರಿಯಲ್ಲಿ ಮುಂದಿನ ಎಡಚಕ್ರ, ಅಂಚು ಮಾತ್ರ.
ಮಾರ್ಚಿಗೆ ಎಡದವು ಎರಡೂ.
ಮೇ ತಿಂಗಳಲ್ಲಿ ಕಡ್ಡಿಗಳ ಮುಖಕ್ಕೇ ಹತ್ತಿತ್ತು.
‘ಕೌನ್ಸಿಲಿನವರು ಕಲ್ಲನ್ನು ಹೊರಕ್ಕೆ ಸರಿಸಿದ್ದಾರೆ’ ಅಂದರು.
ನಕ್ಕೆವು ಇಬ್ಬರೂ.

ಮೊದಲು ಸೋಪುನೀರು. ಬ್ರೇಕಿನ ಕರಿಹುಡಿ ಪೂರ್ತಿ ಇಳಿಯಬೇಕು.
ಟೈರಿಗೂ ಅಂಚಿಗೂ ನಡುವೆ ಇಸ್ಪೀಟೆಲೆ ಸಿಕ್ಕಿಸುತ್ತೇನೆ, ಸುತ್ತಲೂ;
ಮೂರು ಕಟ್ಟು ಬೆರೆತಿವೆ, ರಾಜರೇ ಹನ್ನೊಂದು ಮಂದಿ,
ಒಬ್ಬ ಎಲ್ಲಿ ಹೋದನೋ.
ಎಂಬತ್ತರ ಉಜ್ಜುಕಾಗದ, ಆಮೇಲೆ ನೂರೆಂಬತ್ತು,
ಆಮೇಲೆ ನಾನೂರು, ನೀರಲ್ಲಿ ನೆನೆಸಿ.
ಹಳೆಯ ಬಣ್ಣ ಎಲ್ಲಿ ಮುಗಿಯಿತೆಂದು ಬೆರಳಿಗೆ ತಿಳಿಯಬಾರದು.
ಹಳ್ಳಕ್ಕೆ ಪುಟ್ಟಿ. ಗಟ್ಟಿಮಾಡುವ ಮದ್ದು ಬಟಾಣಿಯಷ್ಟು,
ಹೆಚ್ಚಾಯಿತೋ, ಅಲಗಿನ ಮೇಲೇ ಕಲ್ಲು.
ಪ್ರೈಮರು. ಬೂದುಬೆಳ್ಳಿ ಬಣ್ಣ ಮೂರು ಸಲ, ತೆಳ್ಳಗೆ.
ಒಂದೇ ಸಲಕ್ಕೆ ಮುಗಿಸಲು ಹೋದರೆ ಸೋರಿ ಇಳಿಯುತ್ತದೆ.
ಲ್ಯಾಕರು, ದೀಪದ ಶಾಖ, ಎರಡು ಕಪ್ ಚಹಾ.

ನಿನ್ನೆ ಮತ್ತೆ ಬಂದರು. ಜೂನ್ ಇನ್ನೂ ಮುಗಿದಿಲ್ಲ.
ಕೆಳಗೆ ಕೂತು ನೋಡಿದೆ. ನಡುಗದ ಗೀರು.
ತಪ್ಪಿಸಿಕೊಳ್ಳಲು ಹೋದ ಗುರುತಿಲ್ಲ, ನಿಧಾನಿಸಿದ ಗುರುತಿಲ್ಲ;
ಅಲ್ಲಿ ಕಲ್ಲೇ ಇಲ್ಲವೆಂಬಂತೆ ಸಾಗಿದ ಕೈ.
ಮೇಲೆ, ಎರಡು ಕಡ್ಡಿಗಳಿಗೆ ಅಡ್ಡಲಾಗಿ,
ಕಲ್ಲಿನದಲ್ಲದ ಒಂದು ಬಣ್ಣ.

ಚಹಾ ಮಾಡಿದೆ. ಬೇಕೆಂದೇ ಅವರ ಎಡಕ್ಕೆ ಇಟ್ಟೆ,
ಮೊಣಕೈಗೆ ಒಂದು ಗೇಣು ದೂರ, ಹಬೆಯಾಡುತ್ತಿತ್ತು.
ಸ್ವಲ್ಪ ಹೊತ್ತು ಹವಾಮಾನ ಮಾತಾಡಿ ಕೇಳಿದರು:
‘ಇವತ್ತು ಚಹಾ ಇಲ್ಲವೇನಮ್ಮ?’

ಹೆಬ್ಬೆರಳು ಹಿಡಿದು ಆ ಬಣ್ಣದ ಮೇಲೆ ಇಟ್ಟೆ.
ಹಿಂದಕ್ಕೆ ಮುಂದಕ್ಕೆ ಸವರಿದರು.
‘ಏನೂ ಇಲ್ಲ ಇಲ್ಲಿ. ನುಣ್ಣಗಿದೆ.’
ಗುಲಾಬಿ, ಅಂದೆ.
‘ಯಾವ ಗುಲಾಬಿ?’
ಮಕ್ಕಳ ಸೈಕಲ್ಲಿಗೆ ಹಾಕುತ್ತಾರಲ್ಲ, ಆ ಗುಲಾಬಿ.

ಮೇಲೆ ಉದ್ದದ ಗಾಡಿಯೊಂದು ಹೋಯಿತು,
ಡಬ್ಬಿಗಳು ಸುಮ್ಮನಾಗಲು ಬಹಳ ಹೊತ್ತು ಹಿಡಿಯಿತು.
ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ,
ಅಪರಿಚಿತರ ಮನೆಯ ಕೋಣೆಗೆ ಇಣುಕಿದಂತೆ,
ಅವರು ಕಪ್ ನೋಡಿದರು.
ಆರಿದ್ದನ್ನೇ ಕುಡಿದರು, ತಳದವರೆಗೆ.
‘ಬೀದಿಯಲ್ಲಿ ಯಾವ ಮಗುವಿನದು, ಕೇಳಬೇಕು’ ಅಂದರು.
ಆಮೇಲೆ, ‘ನಿನ್ನ ಲೆಕ್ಕ ಎಷ್ಟು?’

ಬೇಡ ಅಂದರೂ ಎಣಿಸಿ ಕೊಟ್ಟರು.
ಕೀಲಿಯನ್ನು ಇಸ್ಪೀಟಿನ ರಾಶಿಯ ಮೇಲೆ ಬಿಟ್ಟು
ಬಸ್ಸಿಗೆ ನಡೆದರು, ಗೋಡೆ ಎಡಕ್ಕೆ ಬರುವಂತೆ,
ಬೆರಳು ಇಟ್ಟಿಗೆಯ ಮೇಲೆ.

ಆದರೂ ಚಕ್ರ ಮುಗಿಸಿದೆ. ಅರ್ಧಕ್ಕೆ ಬಿಡುವುದು ನನ್ನಿಂದಾಗದು.
ಇವತ್ತು ಮೊಮ್ಮಗಳು ಬಂದು ಕಾರು ಒಯ್ಯುತ್ತಾಳಂತೆ.
ಎಲೆಗಳನ್ನು ಒಂದೊಂದೇ ಎಳೆದು ತೆಗೆಯುತ್ತಿದ್ದೇನೆ:
ಕಳಾವರ್ ಏಳು, ಡೈಮನ್ ಮೂರು,
ಆಟೀನ್ ರಾಣಿ,
ಬಲಗೆನ್ನೆ ಇದೆ, ಕೈಯಲ್ಲಿ ಹೂ ಇದೆ,
ಮಿಕ್ಕ ಅರ್ಧ ಬೆಳ್ಳಿ.