ಮೇಲಿನ ಮಂಚ

'ಕ್ಯಾಸೆಟ್' ಅಂದರೆ ದೂಮಣ್ಣನಿಗೆ ಸಿಟ್ಟು.
'ಆಲ್ಬಮ್ ಅನ್ನು ಮಾರಾಯ, ಸ್ಟುಡಿಯೋ ಆಲ್ಬಮ್.'
ಏಳು ಹಾಡು, ಐನೂರು ಸಿ.ಡಿ., ಹೆಸರು 'ಮೇಲಿನ ಮಂಚ'.
ಮುಖಪುಟಕ್ಕೆ ನಮ್ಮ ರೂಮಿನ ಕಬ್ಬಿಣದ ಏಣಿ,
ಏಣಿಯ ಮೇಲೆ ಒಣಗುತ್ತಿದ್ದ ನನ್ನ ಬನಿಯನ್ನು.

ಸ್ಟುಡಿಯೋ ಇದ್ದದ್ದು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಹದಿಮೂರರಲ್ಲಿ,
ಟಯರಿನಂಗಡಿಯ ಬೆನ್ನಿಗೆ, ಗಂಟೆಗೆ ನೂರು ದಿರ್ಹಮ್.
ಅತ್ತರಿನ ಜಾಹೀರಾತು, ಮಾಪಿಳ್ಳೆ ಹಾಡು,
ಯಾವುದೋ ಕ್ಲಿನಿಕ್ಕಿನ ಹಲ್ಲಿನ ಆಫರು,
ಎಲ್ಲ ಹಾದುಹೋದ ಒಂದೇ ಮೈಕು.
ಹಾಡುವಾಗ ಏಸಿ ಬಂದ್. ಜುಲೈ ತಿಂಗಳು.
ಬಿಜೋಯ್ ಬೆವರೊರೆಸುತ್ತ ಬೆರಳೆತ್ತುವನು,
ನಾನು ಕಿಟಕಿಗೆ ರಜಾಯಿ ಒತ್ತಿ ಹಿಡಿದು
ಗುಡಿಯಿಲ್ಲದ ದ್ವಾರಪಾಲಕ.
ಅಷ್ಟಾದರೂ ಮೂರನೇ ಹಾಡಿನ ನಡುವೆ
ಕಂಪ್ರೆಸರು ಒಮ್ಮೆ ಉಸಿರು ಬಿಟ್ಟಿತು. 'ಇರಲಿ,
ಅದಕ್ಕೂ ಓವರ್‌ಟೈಮ್ ಕೊಡುವುದಿಲ್ಲ' ಅಂದ.

ಮೊದಲ ಹಾಡು ಸಂಘದ ಅಧ್ಯಕ್ಷರ ಮೇಲೆ:
ಹೊದಿಸಿದವರಿಗೇ ತಿರುಗಿ ಹೊದಿಸಿ
ಹನ್ನೊಂದು ವರ್ಷ ಒಂದೇ ಶಾಲಿನಲ್ಲಿ ಸಂಸಾರ ದೂಗಿಸಿದವರು.
ಬಿಡುಗಡೆಯ ದಿನ, ರೋಲಾದ ಹೋಟೆಲಿನ ಮಹಡಿಯಲ್ಲಿ
ಅಧ್ಯಕ್ಷರು ಕಣ್ಣೀರು ಬರುವಷ್ಟು ನಕ್ಕರು.
'ಅಬುಧಾಬಿಯವರಿಗೆ ಸರೀ ಇಟ್ಟಿದ್ದೀಯ ನೋಡು.'
ಅಬುಧಾಬಿಯವರು ಫೋನಿನಲ್ಲಿ ಐವತ್ತು ಸಿ.ಡಿ. ಕೇಳಿದರು,
ಶಾರ್ಜಾದವರಿಗೆ ಹಂಚಲು.
ಆಮೇಲೆ ದೂಮಣ್ಣನಿಗೆ ಸನ್ಮಾನ. ಅದೇ ಶಾಲು.
ಅಂಚಿನಲ್ಲಿ ಯಾರದೋ ಹಳೆಯ ಗಂಧದ ಕಲೆ.

ಎರಡನೆಯದು ಅವನ ಮ್ಯಾನೇಜರ ಮೇಲೆ. ಆತನಿಗೆ ಕನ್ನಡ ಬಾರದು;
ಕಾರಿನಲ್ಲಿ ಹಾಕಿಕೊಂಡು ತಲೆದೂಗುತ್ತ
ಸಿಗ್ನಲ್ಲು ಸಿಗ್ನಲ್ಲಿಗೆ ತನ್ನನ್ನೇ ಬೈಸಿಕೊಂಡ.

ಸ್ಮರಣ ಸಂಚಿಕೆ ಬರೆಯಿತು:
'ಗಾಯಕರ ಕಂಠದಲ್ಲಿ ತಾಯ್ನೆಲದ ಮಣ್ಣಿನ ಸೊಗಡಿದೆ.'
ಮಣ್ಣಲ್ಲ ಸ್ವಾಮಿ, ಡಕ್ಟಿನ ಫೈಬರ್ ಧೂಳು.
ಒಂಬತ್ತು ವರ್ಷದಿಂದ ಇಳಿದದ್ದು,
ಮಂದ್ರಕ್ಕೆ ಹೋದರೆ ಕೆಮ್ಮು.

ಉಳಿದ ಮುನ್ನೂರ ನಲವತ್ತು ನನ್ನ ಮಂಚದಡಿ.
ಎದುರು ಫ್ಲಾಟಿನ ತಮಿಳರು ಆರು ಕೇಳಿ ಒಯ್ದರು,
ಬಾಲ್ಕನಿಗೆ ಕಟ್ಟಿದರೆ ಪಾರಿವಾಳ ಬರುವುದಿಲ್ಲವಂತೆ.
ಒಂದು ವಾರ ಬರಲಿಲ್ಲ.
ಆಮೇಲೆ ಬಂದು, ಆ ಹೊಳಪಿನಲ್ಲಿ
ಕತ್ತು ತಿರುಗಿಸಿ ತಿರುಗಿಸಿ ನೋಡಿಕೊಂಡವು.

ನಾಲ್ಕನೇ ಹಾಡಿನ ಮಾತು ಬೇಕೆಂದೇ ಕೊನೆಗಿಟ್ಟೆ.
ಎಲ್ಲರೂ ಮತ್ತೆ ಮತ್ತೆ ಹಾಡಿಸಿದ್ದು ಅದನ್ನೇ.
ಊರಿಗೆ ಹೊರಟವನೊಬ್ಬ ನಡುರಾತ್ರಿ
ರಟ್ಟಿನ ಡಬ್ಬವನ್ನು ಮಗುವಿನಂತೆ ಎತ್ತಿಕೊಂಡು
ತೂಕದ ಯಂತ್ರದ ಮೇಲೆ ನಿಂತು, ತನ್ನನ್ನು ಕಳೆದು,
ಹಾಲಿನಪುಡಿ ತೆಗೆದು, ಅಂಗಿ ಹಾಕಿ,
ಅಂಗಿ ತೆಗೆದು, ಹಾಲಿನಪುಡಿ ಹಾಕಿ,
'ಮೂವತ್ತು ಕಿಲೋ ಪ್ರೀತಿ ಫ್ರೀ,
ಮೂವತ್ತೊಂದಾದರೆ ದಂಡ!'
ಹಾಲಿಗೆ ಹಾಲೇ ಕುರ್ಚಿ ಕುಟ್ಟಿ ನಕ್ಕಿತು.
ನಾನೂ ನಕ್ಕೆ,
ಪಕ್ಕದವನಿಗಿಂತ ಒಂದು ಗಳಿಗೆ ಮೊದಲೇ.

ಆ ರಾತ್ರಿ ದೀಪ ಹಾಕದೆ ಮೊಬೈಲಿನ ಬೆಳಕಿನಲ್ಲಿ ಮುಳ್ಳು ಓದಿದ್ದೆ.
ಮೇಲಿನ ಮಂಚ ಒಮ್ಮೆ ಕಿರ್ರೆಂದಿತ್ತು.
ನಿದ್ದೆಯ ಮಗ್ಗುಲು ಅಂದುಕೊಂಡೆ.

ಡಬ್ಬದಿಂದ ಕಡೆಗೂ ಹೊರಗುಳಿದ ಆ ಹಾಲಿನಪುಡಿ
ಏನಾಯಿತೆಂದು ಹಾಡಿನಲ್ಲಿ ಬರುವುದಿಲ್ಲ.
ರೂಮಿನವರೆಲ್ಲ ತಿಂಗಳಿಡೀ ಚಹಾಕ್ಕೆ ಹಾಕಿ ಕುಡಿದರು.
ಖಾಲಿ ತಗಡಿಗೆ ಅರ್ಧ ಮುಷ್ಟಿ ಕುಚ್ಚಲಕ್ಕಿ ಸುರಿದು
ಬಾಯಿಗೆ ಟೇಪು ಸುತ್ತಿ ದೂಮಣ್ಣ ಸ್ಟುಡಿಯೋಕ್ಕೆ ತಂದ.
ನಾಲ್ಕನೇ ಹಾಡಿನ ಸರದಿ ಬಂದಾಗ
ರಜಾಯಿಯನ್ನು ಟಯರಿನಂಗಡಿಯ ಹುಡುಗನ ಕೈಗೆ ದಾಟಿಸಿ
ಡಬ್ಬಿಯನ್ನು ನನ್ನ ಕೈಗಿತ್ತ, ಮುಖ ನೋಡದೆ.

ಕಿವಿಗೊಟ್ಟು ಕೇಳಿ, ಪಲ್ಲವಿಯ ಹಿಂದೆ
ಚಕ್ಕ ಚಕ್ಕ, ಚಕ್ಕ ಚಕ್ಕ.
ಸಿ.ಡಿ.ಯ ಬೆನ್ನಿನಲ್ಲಿ ಆ ಹೆಸರು ಅಚ್ಚಾಗಿಲ್ಲ.
'ತಾಳ ತಪ್ಪಬೇಡ' ಅಂದಿದ್ದ.
ತಪ್ಪಲಿಲ್ಲ.