ಐದನೇ ತಾರೀಖು

ಹತ್ತೊಂಬತ್ತು ವರ್ಷ ನನ್ನ ಮೊಪೆಡ್ಡು
ನನಗಿಂತ ಮೊದಲೇ ಅಂಗಡಿ ಮುಟ್ಟುತ್ತಿತ್ತು.
ಮಂಡಿಪೇಟೆ ತಿರುವಿನಲ್ಲಿ ಅದು ಕೆಮ್ಮಿದರೆ ಸಾಕು,
ಕಟ್‌ಪೀಸ್ ಅಂಗಡಿಯ ಗೋಣೆಪ್ಪ ಗೋದಾಮಿಗೆ ಇಳಿಯುವನು,
ಹೂವಿನ ದುಗ್ಗಮ್ಮ ಸೆರಗಿನ ಗಂಟು ತಡಕುವಳು,
ಮಂಡಕ್ಕಿ ಭಟ್ಟಿಯ ದಾದಾಪೀರ್ ಹೊಗೆಯೊಳಗಿಂದಲೇ
"ನಾಳೆ ಬಾರಪ್ಪ ಪಿಗ್ಮಿ" ಎನ್ನುವನು.
ನನಗೂ ಒಂದು ಹೆಸರಿದೆ, ಕೊಟ್ರೇಶ ಅಂತ,
ಅದು ಬ್ಯಾಂಕಿನ ಐಡಿ ಕಾರ್ಡಿನಲ್ಲಿ ಮಾತ್ರ.

ನಾಳೆ ಬಾ.
ಬಾಗಿಲ ಮೇಲೆ ಸುಣ್ಣದಲ್ಲಿ ಬರೆದದ್ದನ್ನು
ಓದಿಕೊಂಡು ವಾಪಸು ಹೋಗುವ ದೆವ್ವದಂತೆ
ದಿನಾ ಹೋಗಿದ್ದೇನೆ, ದಿನಾ ಬಂದಿದ್ದೇನೆ.

ಮೊಪೆಡ್ಡು ಸತ್ತದ್ದು ರೈಲ್ವೆ ಗೇಟಿನಲ್ಲಿ.
ಗೇಟು ಎದ್ದಿತು, ಗಾಡಿ ಏಳಲಿಲ್ಲ.
ಹಿಂದಿದ್ದವರೆಲ್ಲ ಒಟ್ಟಿಗೇ ಬಾಯಿ ಬಡಿದುಕೊಂಡರು.
ಮೆಕ್ಯಾನಿಕ್ ಖಲಂದರ್ ಪ್ಲಗ್ಗು ಬಿಚ್ಚಿ, ಮೂಸಿ,
"ಕರೆಂಟಿಂದು ತಗೋ ಅಣ್ಣಾ, ಇದರ ಋಣ ಮುಗೀತು" ಅಂದ.

ಪಿ.ಬಿ. ರಸ್ತೆಯ ಷೋರೂಮಿನ ಹುಡುಗಿ
ತಣ್ಣೀರು ಕೊಟ್ಟು ಕೇಳಿದಳು: ಸ್ಯಾಲರಿ ಸ್ಲಿಪ್ ಇದೆಯಾ ಸರ್?
ಕಮಿಷನ್ನಿಗೆ ಸ್ಲಿಪ್ಪಿಲ್ಲಮ್ಮ.
ದಿನಾ ನನ್ನ ಕೈಯಿಂದ ನಲವತ್ತು ಸಾವಿರ
ಎಣಿಸಿಕೊಳ್ಳುವ ನಮ್ಮ ಮ್ಯಾನೇಜರ್ರೂ ಕನ್ನಡಕ ಒರೆಸಿದರು:
"ನಿನ್ನ ಹತ್ರ ದುಡ್ಡು ಓಡಾಡ್ತೈತಿ ಕೊಟ್ರೇಶಿ,
ನಿಲ್ಲಂಗಿಲ್ಲ ನೋಡು."

ಬ್ಯಾಟರಿ ಬಾಡಿಗೆಗೂ ಸಿಗುತ್ತದಂತೆ.
ಗಾಡಿ ನಿಮ್ಮದು, ಬ್ಯಾಟರಿ ಕಂಪನಿಯದು,
ತಿಂಗಳು ತಿಂಗಳು ಕಟ್ಟಿಕೊಂಡು ಹೋಗಿ.
ಒಡಲು ನನ್ನದು, ಉಸಿರು ಬೇರೆಯವರದು.
ನಮ್ಮಪ್ಪ ಏಕತಾರಿ ಹಿಡಿದು
ಇದನ್ನೇ ಹೇಳುತ್ತಿದ್ದ, ಪುಕ್ಕಟೆ.
ಬೇಡವೆಂದು ಎದ್ದು ಬಂದೆ.

ನೀಲಾಂಬಿಕಕ್ಕನ ಚೀಟಿ ಎಂಟನೇ ತಿಂಗಳಿಗೇ ಕೂಗಿದೆ.
ಐವತ್ತು ಸಾವಿರದ್ದು ಮೂವತ್ತೊಂಬತ್ತಕ್ಕೆ ನಿಂತಿತು.
ಬಿಟ್ಟ ಹನ್ನೊಂದು ಸಾವಿರ
ಆ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದವರಿಗೇ ಹಂಚಿಹೋಯಿತು.
ಎಲ್ಲರೂ ನಗುತ್ತಾ ಹರಸಿದರು,
ಒಳ್ಳೇ ಬಣ್ಣ ನೋಡಿ ತಗೋ ಅಂತ.

ಗಿರಿಜಾ ಸಂಘದಲ್ಲಿ ಸಾಲ ಎತ್ತಿದಳು.
ಸಂಘದ ಕಾಗದದಲ್ಲಿ ನನ್ನ ಗಾಡಿ
ಇವತ್ತಿಗೂ ಒಂದು ಹೊಲಿಗೆ ಯಂತ್ರ.
ನೋಡಲು ಮೇಡಂ ಬರುತ್ತಾರೆಂದರೆ
ಎದುರು ಮನೆಯ ಮಷೀನು ನಮ್ಮ ಕಿಟಕಿಗೆ ಬರುತ್ತದೆ,
ಅರ್ಧ ಹೊಲಿದ ರವಿಕೆ ಸಮೇತ.

ಉಳಿದದ್ದು ಫೈನಾನ್ಸು. ಇಪ್ಪತ್ತನಾಲ್ಕು ಕಂತು.
ಅದು ಐದನೇ ತಾರೀಖು, ಬೆಳಗಿನ ಜಾವ ಬರುತ್ತದೆ.
ಕದ ತಟ್ಟುವುದಿಲ್ಲ, ಹೆಗಲಿಗೆ ಚೀಲವಿಲ್ಲ,
ಬಿಸಿಲಿಗೆ ಬಂದೆಯಲ್ಲ, ನೀರು ಕುಡಿ
ಎನ್ನೋಣವೆಂದರೆ ಬಾಯಿಲ್ಲ.
ಅಕ್ಷರ ಕಲಿಯದ ದೆವ್ವ.
ದಿಂಬಿನ ಕೆಳಗೆ ಮೊಬೈಲು ಒಮ್ಮೆ ನಡುಗುತ್ತದೆ,
ನಾನು ಮಗ್ಗುಲಾಗುತ್ತೇನೆ.

ಹೊಸ ಗಾಡಿಗೆ ಸದ್ದಿಲ್ಲ.
ಮೊದಲ ದಿನವೇ ಗೋಣೆಪ್ಪ ಗಲ್ಲಾದಲ್ಲೇ ಸಿಕ್ಕಿಬಿದ್ದ.
ಓಡಲು ಎದ್ದವನು ಹಾಗೇ ಕೂತು,
ಹತ್ತರ ನೋಟುಗಳನ್ನು ಮಡಿಕೆ ಬಿಡಿಸಿ ಬಿಡಿಸಿ ಕೊಟ್ಟ.
"ಏನ್ಲೇ ಪಿಗ್ಮಿ, ಬೆಕ್ಕಿನಂಗ ಬರ್ತೀಯಲ್ಲೋ"
ದಾದಾಪೀರ್ ಬೆಚ್ಚಿ ಜಲ್ಲೆ ಕೈಬಿಟ್ಟ.
ದುಗ್ಗಮ್ಮನ ಸೆರಗಿನ ಗಂಟು ನನ್ನೆದುರೇ ಬಿಚ್ಚಿತು,
ಅದರಲ್ಲಿ ಎಲೆ, ಅರ್ಧ ಅಡಿಕೆ.
ಇಷ್ಟು ವರ್ಷ ಅವಳು ತಡಕುತ್ತಿದ್ದುದು ಅದನ್ನೇ.

ಆ ವಾರ ಕಲೆಕ್ಷನ್ ಏರಿತು.
ಮ್ಯಾನೇಜರ್ ಬೆನ್ನು ತಟ್ಟಿ ಎಲ್ಲರ ಮುಂದೆ ಹೊಗಳಿದರು.
ರಾತ್ರಿ ನಡುಮನೆಯಲ್ಲಿ ಚಾರ್ಜಿಗಿಟ್ಟ ಗಾಡಿಯ
ಹಸಿರು ದೀಪ ಮಿಟುಕುತ್ತಲೇ ಇತ್ತು, ನಿದ್ದೆ ಹತ್ತಲಿಲ್ಲ.

ಈಗ ಮಂಡಿಪೇಟೆ ತಿರುವಿನಲ್ಲಿ ನಿಂತು
ಎರಡು ಸಲ ಹಾರ್ನ್ ಹೊಡೆಯುತ್ತೇನೆ,
ಮಿರರು ಸರಿ ಮಾಡುವವನಂತೆ ಸ್ವಲ್ಪ ಕಾಯುತ್ತೇನೆ.
ಗೋದಾಮಿಗೆ ಹನ್ನೊಂದು ಮೆಟ್ಟಿಲು.
ಗೋಣೆಪ್ಪನಿಗೆ ಮಂಡಿನೋವು ಬೇರೆ.