ತೂತು ಗೂಡು

'ಅಂಕಲ್, ಕಾರಲ್ಲಿ ಏನಾದರೂ ಸತ್ತಿದೆಯಾ?'
ಕೇಳಿದ್ದು ಮಗಳ ಗೆಳತಿ ಇಂಚರ,
ಗುರುವಾರ, ಚಿಂತಾಮಣಿ ರಸ್ತೆಯಲ್ಲಿ, ಏಸಿ ಹಾಕಿದ ಮರುಕ್ಷಣ.
ಹಾಜಿರಾ ಕಿಟಕಿಯತ್ತ ಮುಖ ತಿರುಗಿಸಿದಳು.
ನಾನು ನಕ್ಕೆ.
ಏನು ಹೇಳಲಿ ಮಗುವಿಗೆ,
ಬೆಳಗಿನ ಬಾಂಗಿಗೆ ಮುಂಚೆ ನೀರು ಕುದಿಯಲಿಟ್ಟರೆ
ಹತ್ತು ಗಂಟೆಯೊಳಗೆ ನಲವತ್ತು ಕಿಲೋ
ಸತ್ತಿರುತ್ತವೆ ನಮ್ಮಲ್ಲಿ, ದಿನವೂ.
ಈ ಸೆಕೆಂಡ್ ಹ್ಯಾಂಡ್ ಕಾರಿನ ಕಂತು ತೀರಿದ್ದು ಆ ನೀರಲ್ಲಿ.

ಶಿಡ್ಲಘಟ್ಟದಲ್ಲಿ ಯಾರೂ ಮೂಗು ಮುಚ್ಚುವುದಿಲ್ಲ.
ಬಸ್ಸಿನಲ್ಲಿ ನಿದ್ದೆಹೋದವರು
ಆ ವಾಸನೆಗೇ ಎದ್ದು ಚೀಲ ಹುಡುಕುತ್ತಾರೆ.

ಮುನಿಶಾಮಿ ಬಾನೆಟ್ ಎತ್ತದೆಯೇ ಹೇಳಿದ:
'ಫಿಲ್ಟರ್ ಹೋಗಿದೆ ಸಾಬ್ರೇ, ಸಾವಿರದ ಇನ್ನೂರಾಗುತ್ತೆ.'
ಅಂಗಡಿಯಲ್ಲಿ ಅದೇ ಫಿಲ್ಟರ್ ಇನ್ನೂರ ಎಂಬತ್ತು.
ಉಳಿದದ್ದು ಕೈಯ ಕೂಲಿ.
ಕೈ ನನಗೂ ಇದೆ.
ಕುದಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆರಳ ಗೆರೆ ಸವೆದು
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯದ ಕೈ.

ಭಾನುವಾರ ಮಧ್ಯಾಹ್ನ. ಹುಣಸೆಮರದ ಕೆಳಗೆ ಕಾರು.
ಕಾಲಿಡುವಲ್ಲಿ ನನ್ನ ತಲೆ, ಸೀಟಿನ ಮೇಲೆ ಕಾಲು.
ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದ ಆರ್‌ಸಿ, ಕೆಮ್ಮಿನ ಸಿರಪ್ಪು,
ಗೂಡು ಮಾರ್ಕೆಟ್ಟಿನ ಹಳೇ ಚೀಟಿಗಳು
ಎಲ್ಲ ಹಾಜಿರಾಳ ದುಪಟ್ಟಾಕ್ಕೆ; ಅವಳ ಇನ್ನೊಂದು ಕೈಯಲ್ಲಿ ಫೋನಿನ ಟಾರ್ಚ್.
ಎರಡೂ ಕಡೆ ಒತ್ತಿದರೆ ಡಬ್ಬಿ
ಹಲ್ಲು ಬಿದ್ದ ಮುದುಕನ ದವಡೆಯಂತೆ ಜೋತುಬಿತ್ತು.
ಒಳಗೆ ಉದ್ದನೆಯ ಮುಚ್ಚಳ. ಎಳೆದೆ. ಬರಲಿಲ್ಲ.
'ಕೊಕ್ಕೆ ಒತ್ತಬೇಕು ಅಬ್ಬು, ಎಳೆಯಬಾರದು.'
ಇಪ್ಪತ್ತೆರಡು ವರ್ಷದಿಂದ ಎಳೆಯುವುದೇ ಕಸುಬಾದವನು
ಒತ್ತಿದೆ.

ಹೊರಬಂತು.
ಮಡಿಕೆ ಮಡಿಕೆ, ಹಣ್ಣಾದ ಹುಳ ಬಿಡುವ
ಪ್ಲಾಸ್ಟಿಕ್ ಚಂದ್ರಂಕಿಯ ಹಾಗೆಯೇ.
ಲಾಟ್ ನೋಡುವವನ ಕಣ್ಣು, ಸುಮ್ಮನಿರುತ್ತದೆಯೇ:
ಕ್ರಷರಿನ ಬೂದು ಪುಡಿ, ಹುಣಸೆಯ ಸಣ್ಣೆಲೆ,
ಮಿಶ್ರತಳಿಯ ಹಳದಿ ಜುಂಗು,
ಹಿಂದಿನ ಮಾಲೀಕರ ಪೂಜೆಯದಿರಬೇಕು, ಒಂದು ಅಕ್ಷತೆ ಕಾಳು.
ಬಾಣದ ಗುರುತು ಮೇಲ್ಮುಖ.
ಇಷ್ಟು ವರ್ಷ ತಲೆಕೆಳಗಾಗಿಯೇ ದುಡಿದಿದೆ ಪಾಪ.

ಆಮೇಲೆ, ಮೂಲೆಯ ಮಡಿಕೆಯಲ್ಲಿ,
ಒಂದು ರೇಷ್ಮೆ ಚಿಟ್ಟೆ.
ರೆಕ್ಕೆಯಿದ್ದೂ ಹಾರಲು ಬಾರದ ಜಾತಿ.
ತೂತು ಗೂಡಿಗೆ ಬೆಲೆಯಿಲ್ಲ, ಎಳೆ ತುಂಡಾಗಿರುತ್ತದೆ,
ಹೆಕ್ಕಿ ಮೂಲೆಗೆಸೆಯುತ್ತೇವೆ.
ಅಂಥದೊಂದರಿಂದ ಹೊರಟು, ಹಂಡೆ ದಾಟಿ, ಅಂಗಳ ದಾಟಿ,
ಟೈರು ಹತ್ತಿತೋ, ಬಾನೆಟ್ಟಿನ ಮೇಲೆ ನಡೆಯಿತೋ,
ಗಾಜಿನ ಬುಡದ ಜಾಲರಿಯಲ್ಲಿ ನುಗ್ಗಿ
ಇಲ್ಲಿಯವರೆಗೆ.
ಪಕ್ಕದಲ್ಲಿ ಮೊಟ್ಟೆ, ಗಸಗಸೆಯಷ್ಟು,
ಒಂದರ ಪಕ್ಕ ಒಂದು, ಕೂತು ಅಂಟಿಸಿದ ಹಾಗೆ.

'ಮರಿ ಆಗುತ್ತಾ?'
ಟಾರ್ಚ್ ಇನ್ನೂ ಹತ್ತಿರ ಬಂತು.
ಆಗುವುದಿಲ್ಲ. ಗಂಡು ಸೇರಿದ್ದರೆ ಬಣ್ಣ ತಿರುಗುತ್ತಿತ್ತು,
ಇವು ಹಳದಿಯಾಗಿಯೇ ಗುಳಿಬಿದ್ದಿವೆ.
ಗೊತ್ತಿರುವುದನ್ನೆಲ್ಲ ಹೇಳಲೇಬೇಕೆಂದಿಲ್ಲ.
'ನೋಡೋಣ' ಎಂದೆ.

ಹೊಸದು ಬಿಳಿ. ಬೈವೋಲ್ಟೀನ್ ಬಿಳಿ.
ಅಂಚಿನಲ್ಲಿ ತಾರೀಕು, ಓಡಿದ ಕಿಲೋಮೀಟರ್ ಬರಿ ಎಂದಳು.
ಬರೆದೆ. ಕೈ ಅಲ್ಲಿಗೆ ನಿಲ್ಲಲಿಲ್ಲ,
ಕೆಳಗೆ ಲಾಟ್ ನಂಬರೂ ಬಿತ್ತು: ೧೧೮.
ಬಾಣ ಕೆಳಮುಖ. ಮುಚ್ಚಳ ಟಕ್ಕೆಂದಿತು.

ಏಸಿ ಹಾಕಿದೆವು.
ತಣ್ಣಗೆ, ಯಾರದೂ ಅಲ್ಲದ ಗಾಳಿ.
ಹಾಜಿರಾ ಕಣ್ಣುಮುಚ್ಚಿ ಮೂಸಿದಳು, ಇನ್ನೊಮ್ಮೆ ಮೂಸಿದಳು,
ನನ್ನ ತೋಳು ಹಿಡಿದು ಮೂಗಿಗೊತ್ತಿಕೊಂಡು
'ಇಲ್ಲಿದೆ' ಎಂದಳು.

ಹಳೆಯದು ಶೆಡ್ಡಿನ ಕಿಟಕಿಯಲ್ಲಿದೆ. ಎಸೆದಿಲ್ಲ.
ನಿನ್ನೆ ನೋಡಿದರೆ ಅದರ ಪಕ್ಕ
ಹಿಪ್ಪುನೇರಳೆ ಎಲೆ, ಎಳೆಯದು,
ಮರಿಹುಳಕ್ಕೆ ಹಾಕುವಷ್ಟು ಸಣ್ಣಗೆ ಹೆಚ್ಚಿದ್ದು.